ಹುಸೇನಬಿಯ ಹೊಲದ ಕಾಗದ

ಹೊಸದಾಗಿ ಸೇರಿದ ಗ್ರಾಮಲೆಕ್ಕಿಗರ ತರಬೇತಿಗೆ ಬಂದು ಎರಡು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು, ಕೈಗೊಂದು ತೆಂಗಿನಕಾಯಿ ಕೊಟ್ಟರು, ಇನ್ನು ಹತ್ತು ನಿಮಿಷಕ್ಕೆ ಊಟ ಎಂದರು. ಮೂವತ್ತಮೂರು ವರ್ಷದ ನೌಕರಿಯನ್ನು ಹತ್ತು ನಿಮಿಷದಲ್ಲಿ ಏನೆಂದು ಹೇಳುವುದು? ಪ್ರಾಮಾಣಿಕರಾಗಿರಿ, ಜನಸೇವೆ ಮಾಡಿ ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಇಳಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಬಸ್ಸಿನಲ್ಲಿ ಮನೆ ಮುಟ್ಟುವ ತನಕ ನನಗೆ ನನ್ನ ಮೇಲೆಯೇ ಸಿಟ್ಟು. ಹೇಳಬೇಕಾಗಿದ್ದದ್ದು ಅದಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ. ಹಸಿದವರು ಊಟ ಮುಗಿಸಿಕೊಂಡು ಬಂದು ಓದಬಹುದು.

ನಾನು ತಲಾಟಿಯಾಗಿ, ಅಂದರೆ ಈಗಿನ ಗ್ರಾಮಲೆಕ್ಕಿಗನಾಗಿ, ಸೇರಿದ್ದು ಐವತ್ತರ ಆಸುಪಾಸಿನಲ್ಲಿ. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕುಗಳ ಮೂಡಣ ಅಂಚಿಗೆ ಹೈದರಾಬಾದ ಸಂಸ್ಥಾನದ ಗಡಿ. ರಜಾಕಾರರ ಹಾವಳಿ, ಅದರ ಬೆನ್ನಿಗೆ ಪೊಲೀಸ್ ಕಾರ್ಯಾಚರಣೆ, ಅದರ ಬೆನ್ನಿಗೆ ಸೇಡು, ಎಲ್ಲ ಆಗ ತಾನೇ ಮುಗಿದಿದ್ದವು. ಮೊದಲು ಆಚೆಯ ಹಿಂದೂಗಳು ಗಂಟುಮೂಟೆ ಹೊತ್ತು ಈಚೆ ಬಂದಿದ್ದರು. ಆಮೇಲೆ ಗಡಿಯ ಎರಡೂ ಕಡೆಯ ಮುಸಲ್ಮಾನರು ಹೆದರಿ ಎಲ್ಲಿ ದಿಕ್ಕು ಕಂಡಿತೋ ಅಲ್ಲಿಗೆ ಹೋಗಿದ್ದರು. ಬಂದೂಕು ಸುಮ್ಮನಾದ ಮೇಲೆ ಪೇಪರಿನವರು ಶಾಂತಿ ನೆಲೆಸಿತು ಎಂದು ಬರೆದರು. ಓಡಿಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದು, ನಮ್ಮ ಹೊಲ ಯಾರ ಹೆಸರಿನಲ್ಲಿದೆ ಎಂದು ಚಾವಡಿಯಲ್ಲಿ ಕೇಳತೊಡಗಿದಾಗ ಆ ಶಾಂತಿಯ ನಿಜಬಣ್ಣ ನಮಗೆ ಗೊತ್ತಾಯಿತು.

ನನಗೆ ಸಿಕ್ಕಿದ್ದು ಗಡಿಗೆ ಹತ್ತಿರದ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಯ ಜನರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ತಲಾಟಿಯ ಮುಖ್ಯ ಕೆಲಸವೆಂದರೆ ಪಾಹಣಿ. ಬೆಳೆ ನಿಂತಿರುವಾಗ ಹೊಲಹೊಲ ತಿರುಗಿ, ಮಾಲೀಕ ಯಾರು, ಉಳುವವರು ಯಾರು, ಪೀಕು ಏನು, ಎಷ್ಟು ಎಂದು ಕಣ್ಣಾರೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಕಾನೂನು ಹಾಗೆ ಹೇಳುತ್ತದೆ. ನಾನು ಪುಸ್ತಕ ಕಂಕುಳಲ್ಲಿಟ್ಟುಕೊಂಡು ಚಾವಡಿಯ ಮೆಟ್ಟಿಲಿಳಿಯುವಷ್ಟರಲ್ಲಿ ಊರ ಗೌಡರು ತಡೆದರು.

"ಎಲ್ಲಿಗಿ ಹೊಂಟ್ರಿ? ಬಿಸಲ ನೋಡ್ರಿ ಎಂಥಾದ್ದೈತಿ! ಹಿಂದಿನ ಕುಲಕರ್ಣ್ಯಾರು ಇಲ್ಲೇ ಕುಂತ ಬರೀತಿದ್ರು. ಹ್ವಾದ ವರ್ಷದ್ದ ಮುಂದಿಟ್ಕೊಂಡು ಇಳಿಸ್ಕೊಳ್ರಿ. ಫರಕ ಇದ್ದಲ್ಲಿ ನಾ ಹೇಳ್ತೇನಿ."

ಚಹಾ ಬಂತು, ಚುರುಮುರಿ ಬಂತು. ನಾನು ಕೂತೆ. ನನಗಿಂತ ಹಿಂದಿನವರೆಲ್ಲ ಹಾಗೇ ಮಾಡಿದ್ದರು, ಸುತ್ತಲಿನ ತಲಾಟಿಗಳೂ ಹಾಗೇ ಮಾಡುತ್ತಿದ್ದರು ಎಂಬುದು ನಿಜ. ಆದರೆ ಕೂತವನು ನಾನು. ಹಿಂದಿನ ವರ್ಷದ ಸಾಲುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತ ಬಂದೆ. ಖಾಜಾಸಾಬ ಎಂಬ ರೈತನ ಹನ್ನೊಂದೆಕರೆ ಬಂದಾಗ ಗೌಡರು ಕೈ ಮಾಡಿ ನಿಲ್ಲಿಸಿದರು.

"ಅಂವ ಹೆಂಡ್ತಿ ಮಗಳನ್ನ ಕರ್ಕೊಂಡ ಹೋಗಿಬಿಟ್ಟಾನ. ಇನ್ನ ಬರೂದಿಲ್ಲ. ಪರಾರಿ ಅಂತ ಬರೀರಿ. ಹಿಂದ ಮುಂದ ಯಾರೂ ಇಲ್ಲ."

ಉಳಿದ ಕಾಲಮುಗಳನ್ನು ಇದ್ದ ಹಾಗೇ ಇಳಿಸಿ, ಷರಾ ಕಾಲಮಿನಲ್ಲಿ 'ಮಾಲೀಕ ಪರಾರಿ, ವಾರಸುದಾರರಿಲ್ಲ' ಎಂದು ಗುಂಡಗೆ ಬರೆದೆ. ಆಗ ನನ್ನ ಅಕ್ಷರ ಚೆನ್ನಾಗಿತ್ತು. ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಆ ಷರಾದ ಬಲದ ಮೇಲೆ ಮರುವರ್ಷವೇ ಆ ಹೊಲ ಸರಕಾರದ ಹೆಸರಿಗೆ ಹೋಯಿತು. ಸರಕಾರ ಅದನ್ನು ವರ್ಷಕ್ಕೊಮ್ಮೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಡತೊಡಗಿತು. ಲಾವಣಿ ಹಿಡಿದವನು ಪಕ್ಕದ ಹೊಲದ ಭೀಮರಾಯ. ಮಾತು ಕಡಿಮೆಯ, ದುಡಿಯುವ ಮನುಷ್ಯ. ಊರಿನವರು ಅವನು ಹೊಲ ಹೊಡೆದುಕೊಂಡ ಎಂದರು. ನಾನೂ ಹಾಗೇ ಅಂದುಕೊಂಡೆ.

ಮೂರು ವರ್ಷದ ಮೇಲೆ ಒಬ್ಬ ಹೆಣ್ಣುಮಗಳು ಚಾವಡಿಗೆ ಬಂದಳು, ಜೊತೆಗೆ ಭೀಮರಾಯ. ಆಕೆ ಹುಸೇನಬಿ, ಖಾಜಾಸಾಬನ ಹೆಂಡತಿ. ಸೊಲ್ಲಾಪುರದಲ್ಲಿ ಬೀಡಿ ಕಟ್ಟಿ ಜೀವನ ಮಾಡಿದ್ದರು, ಗಂಡ ಅಲ್ಲೇ ತೀರಿಹೋಗಿದ್ದ, ಈಗ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಾಳೆ. ಜಗಳಕ್ಕೇ ಬಂದಿದ್ದಾರೆ ಎಂದು ನಾನು ಸಜ್ಜಾಗಿ ಕೂತೆ. ಭೀಮರಾಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ಹೇಳಿದ್ದು ಇಷ್ಟು:

"ಇದು ಹುಸೇನಕ್ಕನ ಹೊಲಾ ಐತ್ರಿ. ಖಾಜಾ ಹೋಗುವಾಗ ನೋಡ್ಕೋ ಅಂದಿದ್ದ. ಬ್ಯಾರೇದವ್ರ ಕೈಯಾಗ ಹೋಗಬಾರದಂತ ನಾ ಲಾವಣಿ ಹಿಡದೇನಿ. ಈಗ ಆಕಿ ಬಂದಾಳ. ಆಕಿ ಹೆಸರಿಗೆ ಮಾಡಿಕೊಡ್ರಿ."

ನನಗೆ ಬಹಳ ಖುಷಿಯಾಯಿತು. ಕೊಡುವವನು ಒಪ್ಪಿದ್ದಾನೆ, ಪಡೆಯುವವಳು ಎದುರಿಗಿದ್ದಾಳೆ, ತಂಟೆಯೇ ಇಲ್ಲ, ವಾರದಲ್ಲಿ ಮುಗಿಯುತ್ತದೆ ಎಂದು ಅರ್ಜಿ ನಾನೇ ಬರೆದುಕೊಟ್ಟು ತಾಲೂಕಿನ ಮಾಮಲೇದಾರ ಕಚೇರಿಗೆ ಕಳಿಸಿದೆ. ಕಂದಾಯ ಖಾತೆಯಲ್ಲಿ ತಂಟೆಯಿಲ್ಲದ ಪ್ರಕರಣಕ್ಕೆ ದಾರಿಯೇ ಇಲ್ಲ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಮೊದಲು ಕಾರಕೂನ ಹಿಡಿದ. ವಾರಸಾ ಆಗಬೇಕಾದರೆ, ಅಂದರೆ ಹೊಲ ವಾರಸುದಾರರ ಹೆಸರಿಗೆ ಏರಬೇಕಾದರೆ, ತೀರಿಹೋದವನ ಹೆಸರಿನಲ್ಲಿ ಜಮೀನು ಇರಬೇಕಂತೆ. ಜಮೀನು ಸರಕಾರದ ಹೆಸರಿನಲ್ಲಿದೆ. ಹಾಗಾದರೆ ಮೊದಲು ಖಾಜಾಸಾಬನ ಹೆಸರು ತಿರುಗಿ ಏರಿಸಿ ಎಂದೆ. ಅದಕ್ಕೆ ಖಾಜಾಸಾಬನೇ ಅರ್ಜಿ ಕೊಡಬೇಕಂತೆ. ಅವನು ಸತ್ತಿದ್ದಾನಲ್ಲ ಎಂದೆ. ಹಾಗಾದರೆ ವಾರಸುದಾರರು ಕೊಡಲಿ. ವಾರಸುದಾರಳು ಇಲ್ಲೇ ನಿಂತಿದ್ದಾಳಲ್ಲ ಎಂದೆ. ಆಕೆ ವಾರಸುದಾರಳು ಹೇಗಾಗುತ್ತಾಳೆ, ಖಾಜಾಸಾಬನ ಹೆಸರಿನಲ್ಲಿ ಜಮೀನೇ ಇಲ್ಲವಲ್ಲ! ಕಾರಕೂನ ಇದನ್ನೆಲ್ಲ ನಗದೆ ಹೇಳಿದ. ನಾನು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎತ್ತಿ ಮತ್ತೆ ಮೆಲ್ಲಗೆ ಇಟ್ಟೆ.

ಮಾಮಲೇದಾರ ಸಾಹೇಬರು ಅದಕ್ಕಿಂತ ಒಂದು ಕೈ ಮೇಲು. ಅವರು ಭೀಮರಾಯನನ್ನು ಬಹಳ ಹೊತ್ತು ಮೇಲಿಂದ ಕೆಳಗೆ ನೋಡಿದರು.

"ನನ್ನ ಸರ್ವಿಸಿನ್ಯಾಗ ಕೈಯಾಗಿದ್ದ ಹೊಲಾ ಬಿಟ್ಟ ಕೊಡತೇನಿ ಅಂದವನ್ನ ನಾ ನೋಡೇ ಇಲ್ಲ. ಇದರಾಗ ಏನೋ ಐತಿ. ಎಷ್ಟ ತಗೊಂಡೀ, ಖರೇ ಹೇಳು."

"ಏನೂ ತಗೊಂಡಿಲ್ರಿ."

"ಮತ್ಯಾಕ ಕೊಡತೀ?"

"ನಂದಲ್ಲಲ್ರಿ ಅದು."

ಸಾಹೇಬರಿಗೆ ಈ ಉತ್ತರ ತಿಳಿಯಲಿಲ್ಲ. ಕಾನೂನಿನ ಯಾವ ಕಲಮಿನಲ್ಲೂ ಇದು ಕೂರುವುದಿಲ್ಲವಲ್ಲ. ಸಂಶಯಾಸ್ಪದ ಎಂದು ಬರೆದು, ಕೂಲಂಕಷ ಚೌಕಶಿ, ಅಂದರೆ ವಿಚಾರಣೆ, ಆಗಲಿ ಎಂದು ಅರ್ಜಿಯನ್ನು ಬದಿಗಿಟ್ಟರು. ಅಷ್ಟರಲ್ಲಿ ನನಗೆ ಇಂಡಿ ತಾಲೂಕಿಗೆ ವರ್ಗವಾಯಿತು.

ಹೊರ್ತಿಯ ಕಡೆ ಒಂದು ದಿನ ಅಣ್ಣ ತಮ್ಮಂದಿರ ಹೊಲದ ಹದ್ದಿನ ಜಗಳಕ್ಕೆ ಅಳತೆಯ ಸರಪಳಿ ಎಳೆಸುತ್ತ ನಿಂತಿದ್ದೆ. ಬೆಳಗ್ಗಿನಿಂದ ಎಲ್ಲೆ ಗುರುತಿನ ಬಾಂದುಕಲ್ಲು ಹುಡುಕುತ್ತಿದ್ದೆವು. ಮಧ್ಯಾಹ್ನ ನೋಡಿದರೆ ಅಣ್ಣನ ಹೆಂಡತಿ ಬಾವಿಯ ದಂಡೆಯಲ್ಲಿ ಅದರ ಮೇಲೆಯೇ ಸೀರೆ ಒಗೆಯುತ್ತಿದ್ದಾಳೆ! ಸರಕಾರಿ ಕಲ್ಲು ತಾಯೀ ಇದು ಎಂದರೆ, "ಸರಕಾರದ್ದಾದ್ರ ಹೊತ್ಕೊಂಡ ಹೋಗ್ರಿ, ನಮಗ ಇನ್ನೊಂದ ಕಲ್ಲ ಸಿಗತೈತಿ" ಎಂದಳು. ಅಣ್ಣ ತಮ್ಮ ಇಬ್ಬರೂ ಒಂದಾಗಿ ನನ್ನ ಮೇಲೆ ಬಿದ್ದರು. ಆ ಗದ್ದಲದ ನಡುವೆ ನಿಂಬೆ ಗಿಡದ ನೆರಳಿನಲ್ಲಿ ಹುಸೇನಬಿ ಬಂದು ಕೂತಿದ್ದು ನನಗೆ ಕಾಣಿಸಲೇ ಇಲ್ಲ. ಎರಡು ಬಸ್ಸು ಬದಲಿಸಿ ಕೇಳುತ್ತ ಕೇಳುತ್ತ ಬಂದಿದ್ದಳು.

"ಪರಾರಿ ಅಂತ ನೀವ ಬರದೀರಂತ. ನೀವ ಅಳಸ್ರಿ."

"ನಾ ಅಳಿಸಾಕ ಬರೂದಿಲ್ಲವ್ವಾ. ಮ್ಯಾಲಿನವ್ರ ಹುಕುಮ್ ಬೇಕು."

"ಬರಿಯಾಕ ಹುಕುಮ್ ಬೇಕಾಗಿರಲಿಲ್ಲೇನ್ರಿ?"

ನಾನು ಸಿಟ್ಟಿಗೆದ್ದು ಏನೋ ಅಂದೆ. ಏನೆಂದು ಈಗ ನೆನಪಿಲ್ಲ. ಸಿಟ್ಟು ಮಾತ್ರ ನೆನಪಿದೆ, ಯಾಕೆಂದರೆ ಆಕೆ ಕೇಳಿದ್ದು ಸರಿಯಾಗಿತ್ತು.

ಅದಾದ ಕೆಲವೇ ದಿನಕ್ಕೆ ಚೌಕಶಿಯ ಕಾಗದ ನನಗೂ ಬಂತು. 'ಸದರಿ ನೋಂದು ಯಾವ ಆಧಾರದ ಮೇಲೆ ಮಾಡಿದಿರಿ?' ಒಂದೇ ಪ್ರಶ್ನೆ. ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಚಾವಡಿಯಲ್ಲಿ ಕೂತು ಬರೆದೆ, ಹೊಲ ನೋಡಿಲ್ಲ ಎಂದರೆ ಸಸ್ಪೆಂಡ್ ಖಂಡಿತ. ನೌಕರಿ ಖಾಯಂ ಆಗಿ ಆರು ತಿಂಗಳಾಗಿತ್ತು. ಸಂಗಾತಿ ತಲಾಟಿ ಒಬ್ಬ ನಕ್ಕು, ಎಲ್ಲರೂ ಬರೆಯುವ ಸಾಲನ್ನೇ ಬರಿ ಮಾರಾಯ ಎಂದ. ಬರೆದೆ: 'ಸ್ಥಳಕ್ಕೆ ಖುದ್ದು ಹೋಗಿ ಪಂಚರ ಸಮಕ್ಷಮ ಪಾಹಣಿ ಮಾಡಿ ನೋಂದಾಯಿಸಲಾಗಿದೆ.' ಸಹಿ ಮಾಡಿ ಟಪಾಲಿಗೆ ಹಾಕಿದ ಮೇಲೆ ಒಳ್ಳೇ ನಿದ್ದೆ ಬಂತು. ಇದನ್ನೂ ಬರೆದಿಡುತ್ತೇನೆ, ಒಳ್ಳೇ ನಿದ್ದೆ ಬಂತು.

ಆ ಉತ್ತರದ ಮೇಲೆ ಆಕೆಯ ಅರ್ಜಿ ತಳ್ಳಿಹಾಕಲ್ಪಟ್ಟಿತು. ತಲಾಟಿ ಕಣ್ಣಾರೆ ನೋಡಿ ಬರೆದಿದ್ದಾರೆ, ಕಾಲಕ್ಕೆ ಸರಿಯಾಗಿ ಯಾರೂ ತಕರಾರು ಮಾಡಿಲ್ಲ, ಮುಗಿಯಿತು. ಆಕೆ ಮೇಲ್ಮನವಿ ಹಾಕಿದಳು. ಅದಕ್ಕೆ ಭೀಮರಾಯನೂ ಹೆಬ್ಬೆಟ್ಟು ಒತ್ತಿದ.

ಮುಂದೆ ನನ್ನನ್ನು ಬಸವನ ಬಾಗೇವಾಡಿಗೆ ಹಾಕಿದರು. ಅಲ್ಲಿ ನನಗೊಬ್ಬ ಮೇಲಧಿಕಾರಿ ಸಿಕ್ಕಿದ್ದರು. ಎಂಥ ಕಾಗದ ಇಟ್ಟರೂ ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆಯುತ್ತಿದ್ದರು. ಚರ್ಚಿಸೋಣವೆಂದು ಹೋದರೆ ಕ್ಯಾಂಪಿಗೆ ಹೋಗಿರುತ್ತಿದ್ದರು. ಕ್ಯಾಂಪಿಗೇ ಹುಡುಕಿಕೊಂಡು ಹೋದರೆ, ಕಚೇರಿಗೆ ಬನ್ನಿ, ಚರ್ಚಿಸೋಣ ಎನ್ನುತ್ತಿದ್ದರು. ಅವರು ಒಂದೇ ಒಂದು ನಿರ್ಣಯವನ್ನೂ ಮಾಡದೆ, ಅದಕ್ಕೇ ಒಂದೇ ಒಂದು ತಪ್ಪನ್ನೂ ಮಾಡದೆ, ಹಾರ ಹಾಕಿಸಿಕೊಂಡು ನಿವೃತ್ತರಾದರು.

ಆಮೇಲೆ ರಾಜ್ಯಗಳ ವಿಂಗಡಣೆಯಾಗಿ ನಾವು ಮುಂಬೈಯಿಂದ ಮೈಸೂರು ರಾಜ್ಯಕ್ಕೆ ಬಂದೆವು. ಕನ್ನಡದವರೆಲ್ಲ ಒಂದಾದೆವೆಂದು ನಾನೂ ಪೇಢೆ ಹಂಚಿದೆ. ಮರು ತಿಂಗಳು ಹೊಸ ನಮೂನೆಗಳ ಕಟ್ಟು ಬಂದು ಬಿತ್ತು. ಆಗ ನಾನು ಮುದ್ದೇಬಿಹಾಳದಲ್ಲಿದ್ದೆ. ಹಳೆಯ ಪುಸ್ತಕದ ಎಲ್ಲವನ್ನೂ ಹೊಸ ನಮೂನೆಗೆ ಇಳಿಸಬೇಕು, ಆದರೆ ಏನನ್ನೂ ತಿದ್ದಕೂಡದು. ಬೆರಳು ಬಾಗುವವರೆಗೆ ಬರೆದೆವು. ಹಳೇ ಪುಸ್ತಕದಲ್ಲಿ ಸುಳ್ಳಿದ್ದರೆ ಅದೂ ಹೊಸ ಪುಸ್ತಕದಲ್ಲಿ ಕೆಂಪು ಗೆರೆಯ ನಡುವೆ ಅಚ್ಚುಕಟ್ಟಾಗಿ ಕೂತಿತು. ಜಿಲ್ಲೆಯ ತುಂಬ ಇದೇ ನಡೆಯುತ್ತಿದ್ದಾಗ, ಅಲ್ಲೆಲ್ಲೋ ನನ್ನ ನಂತರದ ತಲಾಟಿ ನನ್ನ ಷರಾವನ್ನೂ ಇಳಿಸಿಕೊಂಡಿರಬೇಕು. ಹುಸೇನಬಿಯ ಮೇಲ್ಮನವಿ ಮಾತ್ರ ಹಳೇ ನಮೂನೆಯಲ್ಲಿದೆ ಎಂದು ವಾಪಸು ಬಂತು. ಹೊಸ ನಮೂನೆ ಎಲ್ಲಿ ಸಿಗುತ್ತದೆ ಎಂದು ಕೇಳಲು ಆಕೆ ಮುದ್ದೇಬಿಹಾಳಕ್ಕೂ ಬಂದಳು. ನಾನೇ ತುಂಬಿಕೊಟ್ಟೆ. ಚಹಾ ಕುಡಿ ಎಂದರೆ ಕುಡಿಯಲಿಲ್ಲ.

ಆಗ ಆಕೆ ತನ್ನ ಹೊಲದಲ್ಲೇ ಕಳೆ ತೆಗೆಯಲು ಹೋಗುತ್ತಿದ್ದಳು, ಕೂಲಿಯವಳೆಂದು. ಮಾಲೀಕಳ ಹಾಗೆ ಕಾಲಿಟ್ಟರೆ ಭೀಮರಾಯನ ಲಾವಣಿ ರದ್ದಾಗುತ್ತಿತ್ತು. ರಾಶಿಯಾದ ಮೇಲೆ ಅವನು ಅರ್ಧ ಜೋಳವನ್ನು ಆಕೆಯ ಮನೆಗೆ ಹೊತ್ತು ಹಾಕುತ್ತಿದ್ದ. ಅದೂ ಕದ್ದ ಮಾಲಿನ ಹಾಗೆ ಚೀಲದ ಮೇಲೆ ಮೇವಿನ ಕಣಿಕೆ ಹೊದಿಸಿ! ಗೌಡರ ಮೈದುನ ಆ ಹನ್ನೊಂದೆಕರೆಯನ್ನು ತನಗೆ ಖಾಯಂ ಮಂಜೂರು ಮಾಡಬೇಕೆಂದು ಅರ್ಜಿ ಕೊಟ್ಟಿದ್ದ ಸುದ್ದಿಯನ್ನೂ ಆಕೆಯೇ ಹೇಳಿದಳು. ಅದು ಮಂಜೂರಾದರೆ ಲಾವಣಿಯೂ ಇಲ್ಲ, ಜೋಳವೂ ಇಲ್ಲ, ಮತ್ತೆ ಸೊಲ್ಲಾಪುರದ ಬೀಡಿಯೇ ಗತಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಈ ಕಾನೂನೇ ಹೀಗೆ, ಈ ಸಾಹೇಬರೇ ಹೀಗೆ ಎಂದು ಆಕೆಯ ಮುಂದೆ ಇಡೀ ಖಾತೆಯನ್ನು ಬೈದೆ. ಬೈಯುವುದು ನನಗೆ ಸುಲಭವಾಗಿತ್ತು.

ಕೊನೆಗೆ ಹೊಸದಾಗಿ ಬಂದ, ಮಾಮಲೇದಾರರಿಗೂ ಮೇಲಿನವರಾದ ಒಬ್ಬ ಪ್ರಾಂತ ಸಾಹೇಬರು ಎರಡೂ ಅರ್ಜಿಗಳನ್ನು ಒಟ್ಟಿಗೆ ಹಿಡಿದು, ಆ ಹಳ್ಳಿಯ ಚಾವಡಿಯಲ್ಲೇ ಚೌಕಶಿ ಇಟ್ಟರು. ಮೈಸೂರು ಕಡೆಯವರು, ಮೀಸೆ ಇನ್ನೂ ಸರಿಯಾಗಿ ಬಂದಿರದ ವಯಸ್ಸು. ಮೂಲ ನೋಂದು ಮಾಡಿದವನೆಂದು ನನ್ನನ್ನೂ ಕರೆಸಿದ್ದರು. ಹುಸೇನಬಿ ಮೊದಲು ಚಾವಡಿಗೆ ಬಂದು ಅಂದಿಗೆ ಒಂಬತ್ತು ವರ್ಷ ತುಂಬಿತ್ತು. ಗೌಡರು ಮುದುಕರಾಗಿದ್ದರು, ಎಲೆಯಡಿಕೆ ಮಾತ್ರ ನಿಂತಿರಲಿಲ್ಲ. ಭೀಮರಾಯ ಗೋಡೆಗೆ ಒರಗಿ ಕೂತಿದ್ದ, ಕೆಮ್ಮುತ್ತಿದ್ದ. ಅವನು ಕಣ್ಣು ಮುಚ್ಚಿದರೆ ಅವನ ಮಾತೂ ಅವನ ಜೊತೆಗೇ ಹೋಗುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಾಹೇಬರು ಹಳೆಯ ಪುಸ್ತಕವನ್ನೇ ತರಿಸಿ, ನನ್ನ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಕಾಲಮ್ಮು ಓದಿದರು.

"ಮಾಲೀಕ ಪರಾರಿ. ವಾರಸುದಾರರಿಲ್ಲ. ಸರಿ. ಸಾಗುವಳಿ ಮಾಡಿದವರು ಯಾರು? 'ಖುದ್ದು'. ಖುದ್ದು ಅಂದ್ರೆ ಮಾಲೀಕನೇ ತಾನೇ? ಬೆಳೆ ಯಾವುದು? ಜೋಳ, ಎಂಟಾಣೆ. ಅಂದ್ರೆ ಅರ್ಧ ಬೆಳೆ. ಊರು ಬಿಟ್ಟು ಓಡಿಹೋದವನು ಅದೇ ವರ್ಷ ಬಂದು ಬಿತ್ತಿ, ಅರ್ಧ ಬೆಳೆ ಬೆಳೆದು, ಮತ್ತೆ ಪರಾರಿಯಾದ. ಹಾಗೇನ್ರೀ?"

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಒಂಬತ್ತು ವರ್ಷದಲ್ಲಿ ಎಷ್ಟು ಕಾರಕೂನರು, ಎಷ್ಟು ಸಾಹೇಬರು ಆ ಪುಟ ನೋಡಿದ್ದರು! ಒಬ್ಬನಾದರೂ ಇಡೀ ಸಾಲು ಓದಿರಲಿಲ್ಲ. ಬರೆದ ನಾನೇ ಓದಿರಲಿಲ್ಲ.

"ಆ ವರ್ಷ ಅದು ಬೀಳ ಬಿದ್ದಿತ್ರಿ ಸಾಹೇಬ್ರ," ಎಂದ ಭೀಮರಾಯ. "ನನ್ನ ಎತ್ತೊಂದು ಸತ್ತಿತ್ತು. ನನ್ನ ಹೊಲಾನ ಪೂರಾ ಬಿತ್ತಾಕ ಆಗಿರಲಿಲ್ಲ."

ಗೌಡರು ಗಂಟಲು ಸರಿಮಾಡಿಕೊಂಡರು. "ಪೀಕಿನ ಕಾಲಮ್ಮಿನ್ಯಾಗ ಕೈತಪ್ಪ ಆಗೇತ್ರಿ ಸಾಹೇಬ್ರ. ಬರಿಯೂ ಮುಂದ ಆಗತೈತಿ. ಪರಾರಿ ಅನ್ನೂದು ಖರೇನ ಐತಿ. ತಲಾಟಿ ಸಾಹೇಬ್ರ ಹೇಳಲಿ ಬೇಕಾದ್ರ." ಹಾಗೆಂದು ನನ್ನ ಕಡೆ ನೋಡಿದರು. ಒಳ್ಳೆಯ ದಾರಿಯನ್ನೇ ತೋರಿಸಿದ್ದರು. ಪೀಕಿನಲ್ಲಿ ಕಣ್ತಪ್ಪು ಎಂದರೆ ಒಂದು ತಾಕೀತಿನಲ್ಲಿ ಮುಗಿಯುತ್ತಿತ್ತು, ಷರಾ ನಿಲ್ಲುತ್ತಿತ್ತು, ಹೊಲ ಅವರ ಮೈದುನನಿಗೆ ಹೋಗುತ್ತಿತ್ತು.

ಸಾಹೇಬರು ನನ್ನನ್ನು ಕೇಳಿದರು, "ನೀವು ಅವತ್ತು ಹೊಲಕ್ಕೆ ಹೋಗಿದ್ರಾ?"

ಹುಸೇನಬಿ ನನ್ನನ್ನು ನೋಡುತ್ತಿರಲಿಲ್ಲ. ನನ್ನಿಂದ ಏನೂ ಬರುವುದಿಲ್ಲವೆಂದು ಎಂದೋ ತೀರ್ಮಾನಿಸಿದವಳ ಹಾಗೆ ಸೆರಗಿನ ತುದಿ ಸುತ್ತುತ್ತ ನೆಲ ನೋಡುತ್ತಿದ್ದಳು. ಅದನ್ನು ಕಂಡು ನನಗೆ ಬಹಳ ನಾಚಿಕೆಯಾಯಿತು. ಆಕೆ ಬೈದಿದ್ದರೆ ನಾನು ಮತ್ತೊಂದು ಸುಳ್ಳು ಹೇಳುತ್ತಿದ್ದೆನೋ ಏನೋ.

"ಹೋಗಿರಲಿಲ್ರಿ," ಎಂದೆ. "ಇಲ್ಲೇ ಕೂತು ಹಿಂದಿನ ವರ್ಷದ್ದನ್ನ ಇಳಿಸಿಕೊಂಡೆ. ಷರಾ ಬರೆದದ್ದು ಗೌಡರ ಮಾತಿನ ಮೇಲೆ. ಆಮೇಲೆ ಚೌಕಶಿಗೆ ಕೊಟ್ಟ ಉತ್ತರವೂ ಸುಳ್ಳು."

"ಬರೆದುಕೊಡ್ತೀರಾ?"

ಬರೆದುಕೊಟ್ಟೆ. ನಾಲ್ಕು ಸಾಲು. ಸಾಹೇಬರು ಅಲ್ಲಿಯೇ ಹುಕುಮ್ ಹೇಳಿ ಬರೆಸಿದರು: ನೋಂದು ಮೂಲದಿಂದಲೇ ಸುಳ್ಳು, ರದ್ದು. ಖಾಜಾಸಾಬನ ಹೆಸರು ತಿರುಗಿ ಏರಿಸಿ, ಅವನ ನಂತರ ಹೆಂಡತಿ ಮತ್ತು ಮಗಳ ವಾರಸಾ ಮಾಡತಕ್ಕದ್ದು. ಮೈದುನನ ಅರ್ಜಿ ತಾನಾಗಿಯೇ ಬಿದ್ದುಹೋಯಿತು. ನನ್ನ ಮೇಲೆ ಬೇರೆ ಚೌಕಶಿಯಾಗಿ ಎರಡು ಇಂಕ್ರಿಮೆಂಟು ನಿಂತವು. ಸಸ್ಪೆಂಡ್ ಆಗಲಿಲ್ಲ. ಒಂಬತ್ತು ವರ್ಷ ನಾನು ಹೆದರಿದ್ದು ಅದಕ್ಕೆ.

ಜನ ಕರಗಿದ ಮೇಲೆ ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಹುಸೇನಬಿ ಬಂದು ಎದುರಿಗೆ ನಿಂತಳು. ಕೃತಜ್ಞತೆ ಹೇಳುತ್ತಾಳೆಂದು ಭಾವಿಸಿದೆ. ಇಷ್ಟು ವರ್ಷವಾದರೂ ಆ ಭಾವನೆ ನೆನೆದರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

"ಬರ್ರಿ," ಎಂದಳು. "ಹೊಲಾ ತೋರಸ್ತೇನಿ."

ಬಸ್ಸಿಗೆ ಹೊತ್ತಾಯಿತು ಎಂದೆ.

"ಹೊತ್ತ ಆಗೂದಿಲ್ಲ, ಬರ್ರಿ."

ಭೀಮರಾಯ ಕೋಲೂರುತ್ತ ಮುಂದೆ ನಡೆದ. ಹಿಂದೆ ಆಕೆ, ಆಕೆಯ ಹಿಂದೆ ನಾನು. ಚಾವಡಿಯ ಹಿತ್ತಲು, ಒಂದು ಕಣ, ಬನ್ನಿಗಿಡ, ಆಮೇಲೆ ಒಂದು ಸಣ್ಣ ಹಳ್ಳ. ಹಳ್ಳ ದಾಟಿ ಭೀಮರಾಯ ನಿಂತುಬಿಟ್ಟ. ನಾನು ಇನ್ನೂ ನಡೆಯಬೇಕೆಂದು ಮುಂದೆ ಹೆಜ್ಜೆ ಹಾಕಿದವನು ಬದುವಿಗೆ ಎಡವಿದೆ. ತಿರುಗಿ ನೋಡಿದರೆ ಚಾವಡಿಯ ಕಟ್ಟೆಯ ಮೇಲೆ ಗೌಡರು ಎಲೆಗೆ ಸುಣ್ಣ ಹಚ್ಚುತ್ತಿರುವುದು ಕಾಣುತ್ತಿತ್ತು.

"ಇಷ್ಟ ದೂರ ಐತಿ ನೋಡ್ರಿ," ಎಂದಳು ಹುಸೇನಬಿ.

ಆಕೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಹೊಲದೊಳಗೆ ಇಳಿದು, ನನ್ನ ಕಡೆ ತಿರುಗಿ ನೋಡದೆ ನಡೆದು ಹೋದಳು.